ಕೂಸಿನ ಮನಸ್ಸಿನ ಬಗ್ಗೆ ಆನ್‌ಲೈನ್ ಪಿಎಚ್.ಡಿ.: ಆರು ವರ್ಷ ಓದಿದ ಮೇಲೆ

ಶಿಶುಗಳ ಮತ್ತು ಪುಟ್ಟ ಮಕ್ಕಳ ಮಾನಸಿಕ ಆರೋಗ್ಯ ಹಾಗೂ ಬೆಳವಣಿಗೆಯ ಕುರಿತು ಅಮೆರಿಕದ ವಿಶ್ವವಿದ್ಯಾಲಯವೊಂದು ನಡೆಸುವ ಆನ್‌ಲೈನ್ ಪಿಎಚ್.ಡಿ.ಗೆ ನಾನು 2018ರಲ್ಲಿ ಸೇರಿ 2024ರಲ್ಲಿ ಮುಗಿಸಿದೆ. ಸೇರುವ ಮೊದಲು ಇಂಥ ಕೋರ್ಸಿನ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ನನಗೆ ಓದಲು ಸಿಕ್ಕಿರಲಿಲ್ಲ. ಈಗ ಮೈಸೂರಿನಿಂದ, ಧಾರವಾಡದಿಂದ, ನಾನಿರುವ ಕ್ಯಾಲಿಫೋರ್ನಿಯಾದ ಕನ್ನಡ ಬಳಗದ ತಾಯಂದಿರಿಂದಲೂ ‘ಸೇರಬಹುದೇ’ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿರುವುದರಿಂದ ನನ್ನ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ. ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಮತ್ತು ಅವು ಬಹುಮಟ್ಟಿಗೆ ಇಂಥ ಎಲ್ಲ ಕೋರ್ಸುಗಳಿಗೂ ಅನ್ವಯಿಸುವುದರಿಂದ ವಿಶ್ವವಿದ್ಯಾಲಯದ ಹೆಸರನ್ನು ಹೇಳುವುದಿಲ್ಲ. ನನ್ನ ತೀರ್ಮಾನವನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಕೂಸುಗಳು ಮತ್ತು ಅವುಗಳ ತಾಯಂದಿರ ನಡುವೆ ಈಗಾಗಲೇ ದಿನವೂ ಕೆಲಸ ಮಾಡುತ್ತಿರುವವರಿಗೆ ಈ ಓದು ಬಹಳ ದೊಡ್ಡದನ್ನು ಕೊಡುತ್ತದೆ. ಈ ಪದವಿಯಿಂದ ಹೊಸದೊಂದು ಉದ್ಯೋಗ, ಅದರಲ್ಲೂ ಕರ್ನಾಟಕದಲ್ಲಿ ಉಪನ್ಯಾಸಕ ಹುದ್ದೆ ಅಥವಾ ಮನಶ್ಶಾಸ್ತ್ರಜ್ಞರ ಪರವಾನಗಿ ಸಿಗುತ್ತದೆಂದು ನಂಬಿ ಸೇರುವವರಿಗೆ ಕೊಡುವುದಿಲ್ಲ.

ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಕ್ಯಾಲಿಫೋರ್ನಿಯಾದಲ್ಲಿ ‘ಅರ್ಲಿ ಸ್ಟಾರ್ಟ್’ ಎಂಬ ಸರ್ಕಾರಿ ಯೋಜನೆಯ ಅಡಿಯಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಮಾತಿನ ಚಿಕಿತ್ಸೆ ನೀಡುತ್ತೇನೆ. 1986ರ ಫೆಡರಲ್ ಕಾನೂನಿನಿಂದ ಹುಟ್ಟಿದ ಈ ವ್ಯವಸ್ಥೆಯಲ್ಲಿ ಮಗುವನ್ನು ಆಸ್ಪತ್ರೆಗೆ ಕರೆಸುವುದಕ್ಕಿಂತ ನಾವೇ ಅದರ ಮನೆಗೆ ಹೋಗುವುದು ವಾಡಿಕೆ. ಎರಡು ವರ್ಷವಾದರೂ ಮಾತು ಬಾರದ ಮಗುವಿನ ನಾಲಿಗೆ, ಕಿವಿ, ಉಸಿರನ್ನು ಪರೀಕ್ಷಿಸಲು ನನಗೆ ಬರುತ್ತಿತ್ತು. ಆದರೆ ಅದೇ ಮನೆಯಲ್ಲಿ ತಾಯಿ ಸೋಫಾದ ಅಂಚಿನಲ್ಲಿ ಮಾತಿಲ್ಲದೆ ಕುಳಿತಿದ್ದರೆ, ಮಗು ಆಟಿಕೆಯನ್ನು ಅವಳ ಕಡೆ ಒಯ್ದು ತೋರಿಸದೆ ಗೋಡೆಯ ಕಡೆ ತಿರುಗಿ ಆಡುತ್ತಿದ್ದರೆ, ಆ ಮೌನಕ್ಕೆ ಏನು ಮಾಡಬೇಕೆಂಬುದು ನನ್ನ ಶಿಕ್ಷಣದಲ್ಲಿ ಇರಲಿಲ್ಲ. ಅದನ್ನು ಕಲಿಯಲೆಂದೇ ಸೇರಿದೆ.

‘ಕೂಸಿಗೆಂಥ ಮಾನಸಿಕ ಆರೋಗ್ಯ’ ಎಂದು ನನ್ನ ಅತ್ತೆಯವರು ಕೇಳಿದ್ದುಂಟು, ಮತ್ತು ಅದು ನ್ಯಾಯವಾದ ಪ್ರಶ್ನೆಯೇ. 1970ರ ದಶಕದಲ್ಲಿ ಮಿಷಿಗನ್ನಿನ ಆ್ಯನ್ ಆರ್ಬರ್‌ನಲ್ಲಿ ಸೆಲ್ಮಾ ಫ್ರೈಬರ್ಗ್ ಮತ್ತು ಅವರ ಸಹೋದ್ಯೋಗಿಗಳು ಕಷ್ಟದಲ್ಲಿದ್ದ ತಾಯಂದಿರ ಮನೆಗಳಿಗೆ ಹೋಗಿ, ಅಡುಗೆಮನೆಯ ಮೇಜಿನ ಬಳಿಯೇ ಕುಳಿತು, ಮಗುವನ್ನು ಎದುರಿಗಿಟ್ಟುಕೊಂಡು ಮಾತನಾಡುತ್ತಾ ಈ ಕ್ಷೇತ್ರಕ್ಕೆ ತಳಹದಿ ಹಾಕಿದರು. ಹಸುಗೂಸಿನ ಮನಸ್ಸನ್ನು ಅದನ್ನು ಎತ್ತಿಕೊಂಡವರಿಂದ ಬೇರ್ಪಡಿಸಿ ನೋಡಲಾಗದು, ಆದ್ದರಿಂದ ಚಿಕಿತ್ಸೆ ಬೇಕಾಗಿರುವುದು ಮಗುವಿಗೂ ಅಲ್ಲ, ತಾಯಿಗೂ ಅಲ್ಲ, ಇಬ್ಬರ ನಡುವಿನ ನಂಟಿಗೆ ಎಂಬುದು ಇದರ ಮೂಲ ತಿಳಿವಳಿಕೆ. ಬಾಣಂತಿಯನ್ನು ಚೆನ್ನಾಗಿ ನೋಡಿಕೊಂಡರೆ ಕೂಸು ತಾನಾಗಿ ಚೆನ್ನಾಗಿರುತ್ತದೆ ಎಂದು ನಂಬಿದ ಮನೆಗಳಿಂದ ಬಂದ ನಮಗೆ ಇದು ಅಪರಿಚಿತ ವಿಚಾರವೇನಲ್ಲ.

ಕೋರ್ಸಿನ ಸ್ವರೂಪ ಹೀಗಿತ್ತು. ಮೊದಲ ಮೂರು ವರ್ಷ ವಾರಕ್ಕೆ ಎರಡು ಸಂಜೆ ವಿಡಿಯೊ ತರಗತಿ, ವರ್ಷಕ್ಕೆರಡು ಬಾರಿ ಐದು ದಿನಗಳ ಮುಖಾಮುಖಿ ಶಿಬಿರ, ಒಂದು ವರ್ಷದ ಶಿಶು ವೀಕ್ಷಣೆ, ಬಳಿಕ ಸಂಶೋಧನೆ ಮತ್ತು ಮಹಾಪ್ರಬಂಧ. ನರಮಂಡಲದ ಬೆಳವಣಿಗೆ, ಸಂವೇದನೆಗಳ ಸಂಯೋಜನೆ, ಆಟಿಸಂ, ಆಘಾತಕ್ಕೆ ಒಳಗಾದ ಮಕ್ಕಳು, ಕುಟುಂಬ ಮತ್ತು ಸಂಸ್ಕೃತಿ, ಸಂಶೋಧನಾ ವಿಧಾನ ಇವು ಮುಖ್ಯ ವಿಷಯಗಳು. ಸಹಪಾಠಿಗಳು ದಾದಿಯರು, ಫಿಸಿಯೊಥೆರಪಿಸ್ಟರು, ಸಮಾಜಕಾರ್ಯಕರ್ತರು, ಶಿಶುವಿಹಾರ ನಡೆಸುವವರು. ಎಲ್ಲರೂ ನಡುವಯಸ್ಸಿನವರು, ಎಲ್ಲರಿಗೂ ಹಗಲು ಕೆಲಸವಿತ್ತು.

ಇವೆಲ್ಲಕ್ಕಿಂತ ಮೇಲಾದದ್ದು ಶಿಶು ವೀಕ್ಷಣೆ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಎಸ್ತರ್ ಬಿಕ್ 1948ರಲ್ಲಿ ಆರಂಭಿಸಿದ ಪದ್ಧತಿಯಿದು. ವಾರಕ್ಕೊಮ್ಮೆ ಒಂದೇ ಮನೆಗೆ ಹೋಗಿ, ಒಂದು ಗಂಟೆ ಕೂಸನ್ನು ಸುಮ್ಮನೆ ನೋಡಬೇಕು. ಸಲಹೆ ಕೊಡುವಂತಿಲ್ಲ, ಸಹಾಯಕ್ಕೆ ಕೈಹಾಕುವಂತಿಲ್ಲ, ಅಲ್ಲಿ ಕುಳಿತು ಟಿಪ್ಪಣಿ ಬರೆಯುವಂತೆಯೂ ಇಲ್ಲ. ಮನೆಗೆ ಬಂದ ಮೇಲೆ ನೆನಪಿನಿಂದ ಎಲ್ಲವನ್ನೂ ಬರೆಯಬೇಕು. ಮೂಲ ಪದ್ಧತಿಯಲ್ಲಿ ಇದು ಎರಡು ವರ್ಷ ನಡೆಯುತ್ತದೆ. ನಮ್ಮಲ್ಲಿ ಅದನ್ನು ಒಂದು ವರ್ಷಕ್ಕೆ ಇಳಿಸಿದ್ದರು, ಅದು ಸಾಲದೆಂದು ನನಗೆ ಈಗಲೂ ಅನ್ನಿಸುತ್ತದೆ.

ನಾನು ನೋಡುತ್ತಿದ್ದ ಕೂಸಿಗೆ ಆಗ ಎಂಟು ತಿಂಗಳು. ಒಂದು ದಿನ ತಾಯಿ ಊಟ ತಿನ್ನಿಸುತ್ತಿದ್ದಾಗ ಮಗು ಮುಖ ತಿರುಗಿಸಿತು. ಅವಳು ಚಮಚವನ್ನು ಅದು ತಿರುಗಿದ ಕಡೆಗೇ ಒಯ್ದಳು. ಅದು ಮತ್ತೆ ತಿರುಗಿತು, ಚಮಚವೂ ತಿರುಗಿತು. ನನ್ನ ಕೈ ಆ ಚಮಚವನ್ನು ಕಸಿದುಕೊಳ್ಳಲು ಹಾತೊರೆಯುತ್ತಿತ್ತು. ಆ ರಾತ್ರಿ ಬರೆದ ವರದಿಯಲ್ಲಿ ‘ತಾಯಿ ಆತುರದಲ್ಲಿದ್ದಳು’ ಎಂದು ಬರೆದೆ. ವಾರದ ಮೇಲ್ವಿಚಾರಣಾ ಸಭೆಯಲ್ಲಿ ಅದನ್ನು ಓದಿದಾಗ ನಮ್ಮ ಮೇಲ್ವಿಚಾರಕಿ ನನ್ನ ಅಭಿಪ್ರಾಯವನ್ನು ತಿದ್ದಲಿಲ್ಲ, ಒಪ್ಪಲೂ ಇಲ್ಲ. ‘ಆ ಆತುರ ಅವರ ಕೈಯಲ್ಲಿತ್ತೋ, ನೋಡುತ್ತಿದ್ದ ನಿಮ್ಮಲ್ಲಿತ್ತೋ’ ಎಂದು ಕೇಳಿ, ಉತ್ತರಕ್ಕಾಗಿ ಬಹಳ ಹೊತ್ತು ಕಾದರು. ನನ್ನ ಮಗ ಅದೇ ವಯಸ್ಸಿನಲ್ಲಿದ್ದಾಗ ಎಂಟು ಗಂಟೆಯ ಮೊದಲ ಮನೆಭೇಟಿಗೆ ಹೊರಡಲು ಅವನ ಬಾಯಿಗೆ ರಾಗಿ ಸರಿ ತುರುಕುತ್ತಿದ್ದ ಬೆಳಗುಗಳು ನೆನಪಾಗಿ, ನಾನು ನಾಲ್ಕು ಜನರ ಎದುರು ಅತ್ತೆ. ಮುಂದಿನ ವಾರ ಅದೇ ಮನೆಗೆ ಹೋದಾಗ ಹಿಂದೆ ಕಾಣದಿದ್ದದ್ದು ಕಂಡಿತು. ಮಗು ಮುಖ ತಿರುಗಿಸಿದಾಗ ತಾಯಿ ಮೂರು ನಾಲ್ಕು ಬಾರಿ ಹಿಂಬಾಲಿಸಿ, ಕೊನೆಗೆ ಚಮಚವನ್ನು ಬಟ್ಟಲಲ್ಲಿಟ್ಟು ಸುಮ್ಮನಾಗುತ್ತಿದ್ದಳು. ಮಗು ಕಿಟಕಿಯನ್ನು ನೋಡಿ, ತನ್ನ ಕಾಲನ್ನು ನೋಡಿ, ತಾನಾಗಿ ಅವಳ ಮುಖಕ್ಕೆ ಹಿಂದಿರುಗಿ ಬಾಯಿ ತೆರೆಯುತ್ತಿತ್ತು. ಅದು ಪ್ರಾಯಶಃ ಹಿಂದಿನ ವಾರವೂ ನಡೆದಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಈ ಮೇಲ್ವಿಚಾರಣೆಗೆ ‘ರಿಫ್ಲೆಕ್ಟಿವ್ ಸೂಪರ್‌ವಿಷನ್’ ಎನ್ನುತ್ತಾರೆ. ಕೆಲಸ ಸರಿಯಾಯಿತೇ ಎಂದು ಪರಿಶೀಲಿಸುವ ಮೇಲ್ವಿಚಾರಣೆ ಇದಲ್ಲ. ಆ ಮನೆಯಲ್ಲಿ ಕುಳಿತಾಗ ನಮ್ಮೊಳಗೆ ಎದ್ದ ಸಿಟ್ಟು, ಮರುಕ, ಅವಸರಗಳನ್ನು ಒಬ್ಬ ಅನುಭವಿಯ ಎದುರು ಬಿಚ್ಚಿ ನೋಡುವ ಕ್ರಮ. ತಾಯಿ ಮಗುವನ್ನು ತಾಳ್ಮೆಯಿಂದ ನೋಡಬೇಕಾದರೆ ಅವಳನ್ನು ಯಾರಾದರೂ ತಾಳ್ಮೆಯಿಂದ ನೋಡುತ್ತಿರಬೇಕು, ಅವಳನ್ನು ನೋಡುವ ನಮ್ಮನ್ನೂ ಇನ್ನೊಬ್ಬರು ಹಾಗೆಯೇ ನೋಡುತ್ತಿರಬೇಕು ಎಂಬುದು ಅದರ ಹಿಂದಿನ ತರ್ಕ. ಇದು ಪರದೆಯ ಮೇಲೆ ನಡೆಯಲಾರದೆಂದು ನಾನು ಭಾವಿಸಿದ್ದೆ. ನಾಲ್ವರೇ ವಿದ್ಯಾರ್ಥಿಗಳು, ಒಬ್ಬರೇ ಮೇಲ್ವಿಚಾರಕಿ, ವರ್ಷವಿಡೀ ಅದೇ ಐದು ಮುಖ ಎಂಬ ನಿಯಮದಿಂದಾಗಿ ನಡೆಯಿತು. ಇಡೀ ಕೋರ್ಸಿನಲ್ಲಿ ನಾನು ಕೊಟ್ಟ ಹಣ ಸಾರ್ಥಕವಾದದ್ದು ಇಲ್ಲೇ.

ಸಿದ್ಧಾಂತದ ತರಗತಿಗಳು ಒಟ್ಟಾರೆ ಚೆನ್ನಾಗಿದ್ದವು. ಎಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ‘ಸ್ಟಿಲ್ ಫೇಸ್’ ಪ್ರಯೋಗವನ್ನು, ಅಂದರೆ ಮಗುವಿನೊಡನೆ ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖವನ್ನು ಕಲ್ಲಿನಂತೆ ಇಟ್ಟುಕೊಂಡರೆ ಕೂಸು ಅವಳನ್ನು ಮರಳಿ ಪಡೆಯಲು ಏನೆಲ್ಲ ಮಾಡುತ್ತದೆ ಎಂಬುದನ್ನು, ವಿಡಿಯೊದಲ್ಲಿ ಒಂದೊಂದೇ ಕ್ಷಣ ನಿಲ್ಲಿಸಿ ನೋಡಿದ ತರಗತಿ ನನ್ನ ಕೆಲಸದ ಕ್ರಮವನ್ನೇ ಬದಲಾಯಿಸಿತು. ಇಂಥ ವಿವರಕ್ಕೆ ಆನ್‌ಲೈನ್ ತರಗತಿಯೇ ಅನುಕೂಲ. ದೊಡ್ಡ ಕೊಠಡಿಯ ಹಿಂದಿನ ಬೆಂಚಿನಿಂದ ಕೂಸಿನ ತುಟಿಯಂಚು ಕಾಣುವುದಿಲ್ಲ.

ಸಂಸ್ಕೃತಿಯ ವಿಷಯದಲ್ಲಿ ಮಾತ್ರ ನಾನು ಹಲವು ಬಾರಿ ಜಗ್ಗಾಡಬೇಕಾಯಿತು. ತಾಯಿ-ಮಗುವಿನ ನಂಟನ್ನು ಅರಿಯಲು ಮನಶ್ಶಾಸ್ತ್ರಜ್ಞೆ ಮೇರಿ ಏನ್ಸ್‌ವರ್ತ್ ರೂಪಿಸಿದ ‘ಸ್ಟ್ರೇಂಜ್ ಸಿಚುಯೇಶನ್’ ಪರೀಕ್ಷೆಯಲ್ಲಿ ಒಂದು ವರ್ಷದ ಆಸುಪಾಸಿನ ಮಗುವನ್ನು ಅಪರಿಚಿತ ಕೊಠಡಿಯಲ್ಲಿ ಬಿಟ್ಟು, ತಾಯಿ ಹೊರಗೆ ಹೋಗಿ ಬರುವಾಗ ಅದು ಹೇಗೆ ವರ್ತಿಸುತ್ತದೆಂದು ಸುಮಾರು ಇಪ್ಪತ್ತು ನಿಮಿಷ ನೋಡುತ್ತಾರೆ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ ಇವರೆಲ್ಲರ ಸೊಂಟದಿಂದ ಸೊಂಟಕ್ಕೆ ದಾಟುತ್ತ ಬೆಳೆದ ಮಗುವಿಗೆ ಅಪರಿಚಿತ ಎಂಬುದರ ಅರ್ಥವೇ ಬೇರೆಯಲ್ಲವೇ ಎಂದು ಕೇಳಿದಾಗ, ಒಬ್ಬ ಅಧ್ಯಾಪಕರು ಪ್ರಶ್ನೆಯನ್ನು ಬದಿಗಿಟ್ಟು ಮುಂದುವರಿದರು. ಇನ್ನೊಬ್ಬರು, ಏನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರಿಗೆ ಬರುವ ಮೊದಲು 1954-55ರಲ್ಲಿ ಉಗಾಂಡದ ಹಳ್ಳಿಗಳಲ್ಲಿ ತಾಯಿ-ಮಕ್ಕಳನ್ನು ಅವರವರ ಮನೆಗಳಲ್ಲೇ ನೋಡಿದ್ದರೆಂಬುದನ್ನು ನೆನಪಿಸಿ, ಆ ಬರಹಗಳನ್ನು ಓದಿಸಿ, ಬಾಣಂತನದ ಬಗ್ಗೆ ಒಂದು ಪ್ರಬಂಧ ಬರೆಯಲು ಹೇಳಿದರು. ಈ ಕ್ಷೇತ್ರದ ರೋಗನಿರ್ಣಯದ ಕೈಪಿಡಿಯಾದ ‘ಡಿಸಿ: 0-5’ರ 2016ರ ಆವೃತ್ತಿಯು ಮಗುವನ್ನು ನೋಡಿಕೊಳ್ಳುವ ಒಬ್ಬರ ಜೊತೆಗಿನ ಸಂಬಂಧವನ್ನಷ್ಟೇ ಅಲ್ಲದೆ, ನೋಡಿಕೊಳ್ಳುವ ಎಲ್ಲರ ನಡುವಿನ ಹೊಂದಾಣಿಕೆಯನ್ನೂ ಗಮನಿಸಬೇಕೆಂದು ಹೇಳುತ್ತದೆ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಆ ಭಾಗವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಆ ಪ್ರಬಂಧವೇ ನನ್ನ ಸಂಶೋಧನೆಯ ವಿಷಯವಾಗಿ ಬೆಳೆಯಿತು. ಇಲ್ಲಿನ ಕನ್ನಡದ ಮನೆಗಳಲ್ಲಿ ಹೆರಿಗೆಗೆ ಮುಂಚೆ ತವರಿನಿಂದ ಅಮ್ಮ ಬರುತ್ತಾರೆ. ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಬಹುದು. ಎಣ್ಣೆ ಹಚ್ಚಿ, ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಕೂಸಿಗೆ ನೀರೆರೆದು, ಬಾಣಂತಿಗೆ ಬಿಸಿಬಿಸಿ ಸಾರು-ಅನ್ನ ಬಡಿಸಿ, ಆ ಅವಧಿ ಮುಗಿಯುತ್ತಲೇ ಹೊರಟುಬಿಡುತ್ತಾರೆ. ಮಗು ತನ್ನವರು ಯಾರು, ಹೊರಗಿನವರು ಯಾರು ಎಂದು ಗುರುತಿಸಿ, ಅಗಲಿಕೆಗೆ ಅಳಲು ಕಲಿಯುವ ಹೊತ್ತಿಗೆ ಸರಿಯಾಗಿ ಅದನ್ನು ಎರೆದ ಕೈಗಳು ಮನೆಯಲ್ಲಿ ಇರುವುದಿಲ್ಲ. ಆ ವಾರಗಳಲ್ಲಿ ತಾಯಿ ಮತ್ತು ಕೂಸು ಒಬ್ಬರನ್ನೊಬ್ಬರು ಹೇಗೆ ಸಂತೈಸಿಕೊಳ್ಳುತ್ತಾರೆ ಎಂಬುದು ನನ್ನ ಪ್ರಶ್ನೆಯಾಗಿತ್ತು. 2020ರ ಮಾರ್ಚ್ 23ರಿಂದ ಭಾರತವು ನಿಗದಿತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿದಾಗ, ಬರಬೇಕಾದ ಅಮ್ಮಂದಿರು ಬರಲಾಗದೆ, ಬಂದವರು ಹಿಂದಿರುಗಲಾಗದೆ, ನನ್ನ ಸಂಶೋಧನಾ ಪ್ರಸ್ತಾವವನ್ನು ಮೊದಲಿನಿಂದ ಬರೆಯಬೇಕಾಯಿತು.

ವಿಶ್ವವಿದ್ಯಾಲಯದ ನಿಜವಾದ ಕೊರತೆಗಳು ಕಂಡದ್ದು ಈ ಹಂತದಲ್ಲಿ. ತರಗತಿಗಳಿರುವವರೆಗೆ ಆನ್‌ಲೈನ್ ವ್ಯವಸ್ಥೆ ನಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ, ತರಗತಿ ಮುಗಿದ ದಿನದಿಂದ ವಿದ್ಯಾರ್ಥಿ ಒಂಟಿ. ನನ್ನ ಮೊದಲ ಮಾರ್ಗದರ್ಶಕರು ಅರೆಕಾಲಿಕ ಅಧ್ಯಾಪಕರಾಗಿದ್ದು, ಒಪ್ಪಂದ ಮುಗಿದಾಗ ಹೊರಟರು. ಎರಡನೆಯವರಿಗೆ ನನ್ನ ವಿಷಯವನ್ನು ಹೊಸದಾಗಿ ವಿವರಿಸಲು ಒಂದು ಸೆಮಿಸ್ಟರ್ ಹೋಯಿತು, ಆ ಸೆಮಿಸ್ಟರಿನ ಶುಲ್ಕವನ್ನು ನಾನೇ ತೆತ್ತೆ. ಮಹಾಪ್ರಬಂಧದ ಒಂದೊಂದು ಅಧ್ಯಾಯಕ್ಕೂ ಅಭಿಪ್ರಾಯ ಬರಲು ಆರೇಳು ವಾರ ಕಾಯಬೇಕಿತ್ತು. ಕ್ಯಾಂಪಸ್ಸಿನಲ್ಲಿದ್ದರೆ ಕೊಠಡಿಯ ಬಾಗಿಲು ತಟ್ಟಬಹುದು, ಮಿಂಚಂಚೆಗೆ ಬಾಗಿಲಿಲ್ಲ. ಸಂಖ್ಯಾಶಾಸ್ತ್ರದ ತರಗತಿ ಮೊದಲೇ ರೆಕಾರ್ಡ್ ಮಾಡಿಟ್ಟ ಉಪನ್ಯಾಸಗಳ ಸರಣಿಯಷ್ಟೇ ಆಗಿತ್ತು, ಅದನ್ನು ನಾನು ಸಹಪಾಠಿಯೊಬ್ಬರ ನೆರವಿನಿಂದ ಕಲಿತೆ. ಕೋವಿಡ್ ಕಾಲದಲ್ಲಿ ಮುಖಾಮುಖಿ ಶಿಬಿರಗಳನ್ನೂ ಪರದೆಗೆ ತಂದು, ದಿನಕ್ಕೆ ಎಂಟು ಗಂಟೆ ಕೂರಿಸಿದ್ದು ಅನಿವಾರ್ಯವೇ ಆಗಿದ್ದರೂ, ಶಿಬಿರದ ಶುಲ್ಕ ಕಡಿಮೆಯಾಗಲಿಲ್ಲ ಎಂಬುದನ್ನು ಹೇಳಲೇಬೇಕು.

ಕನ್ನಡದಲ್ಲಿ ಸಂಶೋಧನೆ ಮಾಡಬಯಸುವವರಿಗೆ ಇನ್ನೊಂದು ಮಾತು. ಬಾಣಂತಿಯರ ಖಿನ್ನತೆಯನ್ನು ಅಳೆಯಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೊ ಮಾಪನದಲ್ಲಿ ಹತ್ತು ಪ್ರಶ್ನೆಗಳಿವೆ ಮತ್ತು ಅದರ ಕನ್ನಡ ರೂಪವೂ ಬಳಕೆಯಲ್ಲಿದೆ. ಇಂಗ್ಲಿಷಿನ ಆರನೆಯ ಪ್ರಶ್ನೆಯಲ್ಲಿ ಸಂಗತಿಗಳು ‘ನನ್ನ ಮೇಲೆ ಏರಿ ಬರುತ್ತಿವೆ’ ಎಂಬರ್ಥದ ನುಡಿಗಟ್ಟು ಇದೆ. ನಮ್ಮ ತಾಯಂದಿರು ಅದನ್ನು ‘ಯಾವುದೂ ಕೈಗೆ ಹತ್ತುತ್ತಿಲ್ಲ’ ಎನ್ನುತ್ತಾರೆ, ‘ತಲೆ ಮೇಲೆ ಬಂಡೆ ಬಿದ್ದ ಹಾಗಿದೆ’ ಎನ್ನುತ್ತಾರೆ, ಕೆಲವರು ‘ಸಾಕಾಗಿದೆ’ ಎಂದಷ್ಟೇ ಹೇಳಿ ನಗುತ್ತಾರೆ. ಆ ಮೂರೂ ಒಂದೇ ಅಲ್ಲ. ಸಂದರ್ಶನದಲ್ಲಿ ಇವನ್ನು ಹೇಗೆ ಕೇಳಿಸಿಕೊಳ್ಳಬೇಕೆಂದು ಹೇಳಬಲ್ಲ ಒಬ್ಬರೂ ಮಹಾಪ್ರಬಂಧವನ್ನು ಪರಿಶೀಲಿಸುವ ನನ್ನ ಸಮಿತಿಯಲ್ಲಿ ಇರಲಿಲ್ಲ. ನನ್ನ ಒತ್ತಾಯದ ಮೇಲೆ ಕನ್ನಡ ಬಲ್ಲ ಮನೋವೈದ್ಯರೊಬ್ಬರನ್ನು ಹೊರಗಿನ ಸದಸ್ಯರಾಗಿ ಸೇರಿಸಿಕೊಂಡರು. ಈ ಒಪ್ಪಿಗೆಯನ್ನು ವಿಶ್ವವಿದ್ಯಾಲಯ ತಡಮಾಡದೆ ಕೊಟ್ಟಿತೆಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಹಣದ ವಿಚಾರಕ್ಕೆ ಬಂದರೆ, ಪ್ರಕಟಣೆಯಲ್ಲಿ ಕಾಣುವ ವಾರ್ಷಿಕ ಶುಲ್ಕವನ್ನು ನಾಲ್ಕರಿಂದ ಗುಣಿಸಿ ಲೆಕ್ಕ ಹಾಕಬೇಡಿ, ಆರರಿಂದ ಗುಣಿಸಿ. ಪ್ರಬಂಧ ಮುಗಿಯುವವರೆಗೂ ಪ್ರತಿ ಅವಧಿಗೆ ನೋಂದಣಿ ಶುಲ್ಕ ಕಟ್ಟಬೇಕು. ಕ್ಯಾಂಪಸ್ಸಿನ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಅನೇಕ ಕಡೆ ಸಿಗುವ ಶುಲ್ಕ ವಿನಾಯಿತಿ ಮತ್ತು ಮಾಸಿಕ ಭತ್ಯೆ ನಮಗೆ ಇರಲಿಲ್ಲ. ಅಮೆರಿಕದ ಫೆಡರಲ್ ಸಾಲ ಎಚ್-1ಬಿ (ಉದ್ಯೋಗ) ಅಥವಾ ಎಚ್-4 (ಎಚ್-1ಬಿಯವರ ಕುಟುಂಬದವರ) ವೀಸಾದಲ್ಲಿರುವವರಿಗೆ ಸಿಗುವುದಿಲ್ಲ. ಸಿಗುವವರಿಗೂ ಉನ್ನತ ಪದವಿ ವಿದ್ಯಾರ್ಥಿಗಳಿಗೆಂದಿದ್ದ ‘ಗ್ರ್ಯಾಡ್ ಪ್ಲಸ್’ ಎಂಬ ಫೆಡರಲ್ ಸಾಲ 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲ. ಉಳಿದ ಸಾಲದ ವಾರ್ಷಿಕ ಮಿತಿ ಇಂಥ ಕೋರ್ಸಿಗೆ 20,500 ಡಾಲರ್. ಎಚ್-4ನಲ್ಲಿ ಮನೆಯಲ್ಲಿರುವ ಅನೇಕ ವಿದ್ಯಾವಂತ ಹೆಣ್ಣುಮಕ್ಕಳು ಈ ಕೋರ್ಸನ್ನು ಆಸೆಯಿಂದ ನೋಡುತ್ತಾರೆ. ಅವರು ಓದಲು ಅಡ್ಡಿಯಿಲ್ಲ, ಆದರೆ ಇಡೀ ಹೊರೆ ಮನೆಯ ಒಂದೇ ಸಂಬಳದ ಮೇಲೆ ಬೀಳುತ್ತದೆ. ಭಾರತದಲ್ಲಿದ್ದು ಈ ಕೋರ್ಸಿನ ಮೂಲಕ ಅಮೆರಿಕಕ್ಕೆ ಬರಬಹುದೆಂದುಕೊಂಡವರಿಗೆ ಸ್ಪಷ್ಟವಾಗಿ ಹೇಳಬೇಕು: ಪೂರ್ತಿ ಆನ್‌ಲೈನ್ ಕೋರ್ಸಿಗೆ ಎಫ್-1 ವಿದ್ಯಾರ್ಥಿ ವೀಸಾ ಕೊಡುವುದಿಲ್ಲ.

ಪದವಿಯ ಮಾನ್ಯತೆಯ ಪ್ರಶ್ನೆ ಇದಕ್ಕಿಂತ ಗಂಭೀರ. ಈ ಪಿಎಚ್.ಡಿ. ಅಮೆರಿಕದಲ್ಲಿಯೂ ನಮ್ಮನ್ನು ಪರವಾನಗಿ ಪಡೆದ ಮನಶ್ಶಾಸ್ತ್ರಜ್ಞರನ್ನಾಗಿ ಮಾಡುವುದಿಲ್ಲ. ನಾನು ಇಂದಿಗೂ ವಾಕ್ ಚಿಕಿತ್ಸಕಿಯ ಪರವಾನಗಿಯ ಮೇಲೆಯೇ ಕೆಲಸ ಮಾಡುತ್ತಿದ್ದೇನೆ. ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನವೆಂಬರ್ ತಿಂಗಳ ಪಿಎಚ್.ಡಿ. ನಿಯಮಗಳು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ನಡೆಸುವುದನ್ನು ನಿಷೇಧಿಸಿವೆ. ವಿದೇಶಿ ಸಂಸ್ಥೆಗಳೊಡನೆ ಸೇರಿ ಎಡ್‌ಟೆಕ್ ಕಂಪನಿಗಳು ಜಾಹೀರಾತು ಮಾಡುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮನ್ನಣೆಯಿಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಆ ವರ್ಷದ ಅಕ್ಟೋಬರಿನಲ್ಲೇ ಸಾರ್ವಜನಿಕವಾಗಿ ಎಚ್ಚರಿಸಿದ್ದವು. ಆದ್ದರಿಂದ ಈ ಪದವಿಯನ್ನು ನೆಚ್ಚಿಕೊಂಡು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುವ ಯೋಜನೆ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ವೃತ್ತಿ ನಡೆಸಲು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ವಿದ್ಯಾರ್ಹತೆ ಬೇಕು, ಅದಕ್ಕೂ ಇದು ಬದಲಿಯಲ್ಲ. ಬೆಂಗಳೂರಿನಲ್ಲಿರುವವರಿಗೆ ಇದಕ್ಕಿಂತ ಹತ್ತಿರದ ದಾರಿಗಳಿವೆ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಹೆರಿಗೆಯ ನಂತರ ತೀವ್ರ ಮನೋರೋಗಕ್ಕೆ ಒಳಗಾದ ತಾಯಿಯನ್ನು ಕೂಸಿನಿಂದ ಅಗಲಿಸದೆ ಜೊತೆಯಾಗಿ ದಾಖಲಿಸಿಕೊಳ್ಳುವ ತಾಯಿ-ಮಗು ಘಟಕ 2009ರಿಂದ ಅಲ್ಲಿ ನಡೆಯುತ್ತಿದೆ. ಫ್ರೈಬರ್ಗ್ ಹೇಳಿದ್ದನ್ನು ಕನ್ನಡ ಮಾತನಾಡುವ ತಾಯಂದಿರೊಡನೆ ಮಾಡುತ್ತಿರುವ ಜಾಗ ಅದು. ಅಂಥಲ್ಲಿ ಕಳೆಯುವ ಆರು ತಿಂಗಳು ಪರದೆಯ ಮುಂದಿನ ಎರಡು ವರ್ಷಕ್ಕಿಂತ ಹೆಚ್ಚು ಕಲಿಸುತ್ತದೆಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಇಷ್ಟಾದರೂ ನಾನು ಈ ಓದಿಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಪ್ರಬಂಧದ ಹಂತದ ನಿರ್ಲಕ್ಷ್ಯಕ್ಕೆ ಮತ್ತು ಶುಲ್ಕಕ್ಕೆ. ಈಗ ಮನೆಭೇಟಿಗೆ ಹೋದರೆ ಆಟಿಕೆಯ ಚೀಲವನ್ನು ತಕ್ಷಣ ತೆರೆಯುವುದಿಲ್ಲ. ಮೊದಲ ಹತ್ತು ನಿಮಿಷ ತಾಯಿಯ ಪಕ್ಕದಲ್ಲಿ, ಅವಳು ಕೂತಷ್ಟೇ ಎತ್ತರದಲ್ಲಿ ಕೂರುತ್ತೇನೆ. ‘ರಾತ್ರಿ ನಿದ್ದೆ ಬಂತೇನಮ್ಮ’ ಎಂದು ಕನ್ನಡದ ಮನೆಯಲ್ಲಿ ಕೇಳಿದಾಗ, ಮಗುವಿನ ಬಗ್ಗೆ ಕೇಳುತ್ತಿದ್ದೇನೆಂದು ತಿಳಿದು ‘ಹೂಂ, ಮಲಗಿದ್ದ’ ಎನ್ನುತ್ತಾರೆ. ‘ನಿಮಗೆ’ ಎಂದು ಮತ್ತೆ ಕೇಳಬೇಕಾಗುತ್ತದೆ.

ಸೇರಲು ನಿರ್ಧರಿಸಿದವರು ಪ್ರವೇಶ ವಿಭಾಗದೊಡನೆ ಮಾತನಾಡುವಾಗ ನಾಲ್ಕು ಸಂಗತಿಗಳನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಶಿಶು ವೀಕ್ಷಣೆ ಎಷ್ಟು ತಿಂಗಳು, ಮತ್ತು ಅದರ ಮೇಲ್ವಿಚಾರಣೆಯ ಗುಂಪಿನಲ್ಲಿ ಎಷ್ಟು ಜನ? ಮಾರ್ಗದರ್ಶಕರು ಪೂರ್ಣಾವಧಿ ಅಧ್ಯಾಪಕರೇ, ಅವರು ಬಿಟ್ಟುಹೋದರೆ ಆ ಅವಧಿಯ ಶುಲ್ಕ ಯಾರದು? ನಿಮ್ಮ ಭಾಷೆ ಬಲ್ಲ ಹೊರಗಿನ ಸದಸ್ಯರನ್ನು ಸಮಿತಿಗೆ ಸೇರಿಸಿಕೊಳ್ಳಬಹುದೇ? ತರಗತಿ ಮುಗಿಸಿ ಪ್ರಬಂಧ ಬರೆಯುತ್ತಿರುವ ಇಬ್ಬರು ವಿದ್ಯಾರ್ಥಿಗಳೊಡನೆ ಮಾತನಾಡಲು ಅವಕಾಶ ಕೊಡುತ್ತಾರೆಯೇ? ಮೊದಲ ವರ್ಷದ ವಿದ್ಯಾರ್ಥಿಗಳ ಜೊತೆ ಮಾತನಾಡಿಸಲು ಎಲ್ಲರೂ ಒಪ್ಪುತ್ತಾರೆ. ನೀವು ಐದನೆಯ ವರ್ಷದವರನ್ನೇ ಕೇಳಿ.